ಮಾವನ ಲಿಥಿಯಂ ಮಾತ್ರೆ ಮತ್ತು ಬಿಟ್ಟುಹೋದ ಅಧ್ಯಾಯ

ಹೋದ ಬೇಸಿಗೆಯಲ್ಲಿ ನಮ್ಮ ಸೋದರಮಾವನ ಕೈ ನಡುಗಲು ಶುರುವಾಯಿತು. ಕಾಫಿ ಲೋಟ ತುಟಿಗೆ ತಲುಪುವ ಮೊದಲೇ ಪಂಚೆಯ ಮೇಲೆ ಚೆಲ್ಲುತ್ತಿತ್ತು. ವಯಸ್ಸಾಯಿತಲ್ಲ ಎಂದು ಎಲ್ಲರೂ ಸುಮ್ಮನಿದ್ದೆವು. ಮಾತು ತೊದಲತೊಡಗಿ, ಭೇದಿಯೂ ಹತ್ತಿಕೊಂಡ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ, ಲೀಟರಿಗೆ ಸಾಮಾನ್ಯವಾಗಿ 0.6ರಿಂದ 1.0 ಮಿಲಿಮೋಲ್ ಇರಬೇಕಾದ ಲಿಥಿಯಂ 1.9ಕ್ಕೆ ಏರಿತ್ತು. ಮನಸ್ಸು ಉನ್ಮಾದ ಮತ್ತು ಖಿನ್ನತೆಗಳ ನಡುವೆ ತೂಗಾಡುವ ಬೈಪೋಲಾರ್ ಕಾಯಿಲೆಗೆ ಇಪ್ಪತ್ತು ವರ್ಷಗಳಿಂದ ಲಿಥಿಯಂ ಕಾರ್ಬೊನೇಟ್ ನುಂಗುತ್ತಿರುವ ಮಾವ ಒಂದು ಮಾತ್ರೆಯನ್ನೂ ಹೆಚ್ಚಿಗೆ ತೆಗೆದುಕೊಂಡಿರಲಿಲ್ಲ. ಬದಲಾಗಿದ್ದದ್ದು ಅಡುಗೆಮನೆಯ ಉಪ್ಪು. ರಕ್ತದೊತ್ತಡ ನೋಡಿದ ವೈದ್ಯರೊಬ್ಬರು, ಇವರು ಬೇರೇನು ಮಾತ್ರೆ ನುಂಗುತ್ತಾರೆಂದು ಕೇಳದೆಯೇ, ಉಪ್ಪು ಬಿಡಿ ಎಂದಿದ್ದರು. ಮಾವ ಶಿಸ್ತಿನ ಮನುಷ್ಯ. ಮರುದಿನದಿಂದಲೇ ಸಪ್ಪೆ ಸಾರು.

ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವ ನನಗಾದರೂ ಇದು ಹೊಳೆಯಬೇಕಿತ್ತು. ಆವರ್ತಕ ಕೋಷ್ಟಕದ ಒಂದನೇ ಗುಂಪಿನಲ್ಲಿ ಲಿಥಿಯಂ ಇರುವುದು ಸೋಡಿಯಂನ ನೆತ್ತಿಯ ಮೇಲೆಯೇ. ಎರಡಕ್ಕೂ ಹೊರಕವಚದಲ್ಲಿ ಒಂದೇ ಎಲೆಕ್ಟ್ರಾನು. ಅದನ್ನು ಬಿಟ್ಟುಕೊಟ್ಟರೆ ಎರಡೂ ಒಂದು ಧನಾವೇಶದ ಅಯಾನುಗಳು. ಮೂತ್ರಪಿಂಡ ಸೋಡಿಯಂನ್ನು ರಕ್ತಕ್ಕೆ ಮರಳಿ ಹೀರಿಕೊಳ್ಳುವಾಗ ಲಿಥಿಯಂನ್ನೂ ಹೆಚ್ಚು ಭೇದವೆಣಿಸದೆ ಒಳಗೆ ಬಿಟ್ಟುಕೊಳ್ಳುತ್ತದೆ. ಊಟದ ಉಪ್ಪೆಂದರೆ ಸೋಡಿಯಂ ಕ್ಲೋರೈಡ್ ತಾನೆ. ಅದು ಕಡಿಮೆಯಾದಾಗ, ಬೆವರಿ ಬಸವಳಿದಾಗ ಮೂತ್ರಪಿಂಡ ಎರಡನ್ನೂ ಇನ್ನಷ್ಟು ಬಿಗಿಹಿಡಿಯುತ್ತದೆ. ಆಗ ಹೊರಹೋಗಬೇಕಿದ್ದ ಲಿಥಿಯಂ ರಕ್ತದಲ್ಲೇ ಉಳಿದು ವಿಷವಾಗುತ್ತದೆ. ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳಿಂದಲೂ, ರಕ್ತದೊತ್ತಡಕ್ಕೆ ಕೊಡುವ ಥಯಾಜೈಡ್‌ಗಳಿಂದಲೂ ಹೀಗೆ ಲಿಥಿಯಂ ಏರಬಹುದು.

ಈ ಗೊಂದಲಕ್ಕೆ ಇತಿಹಾಸವೂ ಇದೆ. 1949ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಬಳಿಯ ಬಂಡೂರಾದಲ್ಲಿ ಜಾನ್ ಕೇಡ್ ಎಂಬ ಮನೋವೈದ್ಯರು, ಮೊದಲು ಗಿನಿಯಿಲಿಗಳ ಮೇಲೆ ಪರೀಕ್ಷಿಸಿ, ಆಮೇಲೆ ಉನ್ಮಾದದ ಹತ್ತು ರೋಗಿಗಳಿಗೆ ಲಿಥಿಯಂ ಲವಣ ಕೊಟ್ಟು, ಅವರು ಶಾಂತರಾದದ್ದನ್ನು ವರದಿ ಮಾಡಿದರು. ಅದೇ ವರ್ಷ ಅಮೆರಿಕದಲ್ಲಿ ಹೃದಯದ ಕಾಯಿಲೆಯವರಿಗೆ ಊಟದ ಉಪ್ಪಿನ ಬದಲು ಲಿಥಿಯಂ ಕ್ಲೋರೈಡ್ ಮಾರಲಾಗುತ್ತಿತ್ತು. ಸೋಡಿಯಂ ಬಿಟ್ಟವರಿಗೆ ಲಿಥಿಯಂ ಉಣಬಡಿಸಿದಂತಾಯಿತು. ಕೆಲವರು ಸತ್ತರು, ಮಾರಾಟ ನಿಂತಿತು. ಆ ಭಯವೂ ಸೇರಿ, ಅಮೆರಿಕದಲ್ಲಿ ಲಿಥಿಯಂಗೆ ಔಷಧಿಯಾಗಿ ಅನುಮತಿ ಸಿಗಲು 1970 ಬರಬೇಕಾಯಿತು. ಡೆನ್ಮಾರ್ಕಿನ ಮೊಗೆನ್ಸ್ ಷೌ ಅವರು 1954ರಲ್ಲೇ ನಿಯಂತ್ರಿತ ಪ್ರಯೋಗದ ಫಲಿತಾಂಶ ಪ್ರಕಟಿಸಿದ್ದರೂ.

ಈಗ ಅಂಗಡಿಗಳಲ್ಲಿ ಸಿಗುವ 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಅದೇ ಗುಂಪಿನ ಇನ್ನೊಬ್ಬ ಬಂಧು, ಪೊಟ್ಯಾಸಿಯಂ ಕ್ಲೋರೈಡ್, ಬೆರೆತಿರುತ್ತದೆ. ಅನೇಕರಿಗೆ ಅದು ಒಳ್ಳೆಯದೇ: ಚೀನಾದ ಹಳ್ಳಿಗಳ ಸುಮಾರು 21 ಸಾವಿರ ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇದ್ದ ಉಪ್ಪು ಪಾರ್ಶ್ವವಾಯುವನ್ನು ಶೇಕಡಾ 14ರಷ್ಟು ತಗ್ಗಿಸಿತ್ತು. ಆದರೆ ಮೂತ್ರಪಿಂಡ ಸೋತವರಲ್ಲಿ ಪೊಟ್ಯಾಸಿಯಂ ಶೇಖರವಾಗಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳನ್ನು ಓದುವವರು ಎಷ್ಟು ಮಂದಿ?

ನನ್ನ ತಕರಾರು ಇರುವುದು ಇಲ್ಲಿ. ಪಠ್ಯದ ಹೊರೆ ಇಳಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ ಹನ್ನೊಂದನೇ ತರಗತಿಯಿಂದ ಎಸ್-ಬ್ಲಾಕ್ ಧಾತುಗಳ, ಅಂದರೆ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂಗಳೆಲ್ಲ ಸೇರಿರುವ ವರ್ಗದ, ಅಧ್ಯಾಯವನ್ನೂ, ಹತ್ತನೇ ತರಗತಿಯಿಂದ ಧಾತುಗಳ ಆವರ್ತಕ ವರ್ಗೀಕರಣವನ್ನೂ ಕೈಬಿಟ್ಟಿದೆ. 2024ರ ನೀಟ್ ಪಠ್ಯಕ್ರಮದಿಂದಲೂ ಎಸ್-ಬ್ಲಾಕ್ ಹೋಯಿತು. ಅಂದರೆ ನಾಳೆ ಡಾಕ್ಟರಾಗಿ ಉಪ್ಪು ಬಿಡಿ ಎಂದು ಬರೆದುಕೊಡಬೇಕಾದವರಿಗೇ ಈ ನಂಟಸ್ತಿಕೆಯ ಮೊದಲ ಪಾಠವಿಲ್ಲ. ವೈದ್ಯಕೀಯ ಕಾಲೇಜಿನಲ್ಲಿ ಔಷಧಶಾಸ್ತ್ರ ಓದುವಾಗ ಇದೆಲ್ಲ ಬರುತ್ತದೆಂಬ ಸಮಜಾಯಿಷಿಯನ್ನು ನಾನು ಒಪ್ಪುತ್ತೇನೆ, ಆದರೆ ಅರ್ಧ ಮನಸ್ಸಿನಿಂದ. ಅಲ್ಲಿ ಅದು ನೆನಪಿಡಬೇಕಾದ ನೂರು ಎಚ್ಚರಿಕೆಗಳಲ್ಲಿ ಒಂದಾಗಿ ಬರುತ್ತದೆ, ಕಾರಣವಾಗಿ ಅಲ್ಲ. ನಾವು ಮೇಷ್ಟರುಗಳೂ ಸಾಚಾ ಏನಲ್ಲ. ಅಧ್ಯಾಯ ಇದ್ದ ಕಾಲದಲ್ಲಿ ಸೋಡಿಯಂ ಚೂರನ್ನು ನೀರಿಗೆ ಹಾಕಿ ಚಟಪಟ ಎನ್ನಿಸಿ, ಜ್ವಾಲೆಯ ಬಣ್ಣಗಳನ್ನು ಬಾಯಿಪಾಠ ಮಾಡಿಸಿ ಮುಗಿಸುತ್ತಿದ್ದೆವು. ನಾನಂತೂ ಮೂತ್ರಪಿಂಡದ ಮಾತೆತ್ತಿದ್ದೇ ಇಲ್ಲ.

ಮಾವ ಆಸ್ಪತ್ರೆಯಲ್ಲಿ ಐದು ದಿನ ಡ್ರಿಪ್ ಹಾಕಿಸಿಕೊಂಡು ಮಲಗಿದ್ದರು. ಕೊಟ್ಟದ್ದು ಸೋಡಿಯಂ ಕ್ಲೋರೈಡ್ ದ್ರಾವಣ, ಅಂದರೆ ಉಪ್ಪುನೀರು. ಬಾಟಲಿಯ ಮೇಲಿನ 0.9 ಎಂಬ ಅಂಕಿಯನ್ನು ತೋರಿಸಿ, "ಇದನ್ನೇ ಬಿಡಿ ಅಂದಿದ್ದರಲ್ಲೋ," ಎಂದು ನಕ್ಕರು. ಈಗ ಅತ್ತೆ ದಿನವೂ ಅದೇ ಚಮಚದಲ್ಲಿ ಅಷ್ಟೇ ಉಪ್ಪು ಅಳೆದು ಹಾಕುತ್ತಾರೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.