ಪುರುಸೊತ್ತಿನ ರೈತರು

ಹದಿನೆಂಟನೇ ಶತಮಾನದ ಫ್ರಾನ್ಸಿನ ಹಳ್ಳಿಯವರಿಗೆ ಇದ್ದಷ್ಟು ಪುರುಸೊತ್ತು ರಾಜನಿಗೂ ಇರಲಿಲ್ಲ. ನಂಬಿಕೆ ಬರದಿದ್ದರೆ ಫ್ರಾಂಸ್ವಾ ಬೂಶೆ 1749ರಲ್ಲಿ ಬರೆದ ಶರತ್ಕಾಲದ ಹಳ್ಳಿಯ ಚಿತ್ರ ನೋಡಿ. ಈಗದು ಲಂಡನ್ನಿನ ವ್ಯಾಲೇಸ್ ಕಲೆಕ್ಷನ್ ಎಂಬ ಮ್ಯೂಸಿಯಮ್ಮಿನಲ್ಲಿದೆ. ಸುಮಾರು ಎಂಟೂವರೆ ಅಡಿ ಎತ್ತರದ ಕ್ಯಾನ್ವಾಸು. ಕುರಿ ಕಾಯುವ ಹುಡುಗ ಹುಡುಗಿಗೆ ದ್ರಾಕ್ಷಿ ತಿನ್ನಿಸುತ್ತಿದ್ದಾನೆ. ಅಷ್ಟೇ ಅವನ ಡ್ಯೂಟಿ. ಕುರಿಗಳನ್ನು ತೋಳ ಹೊತ್ತೊಯ್ದರೆ ಅದು ಕುರಿಗಳ ಹಣೆಬರಹ.

ಕಂಬಳಿ ಹೊದ್ದು ಹಿಂಡಿನ ಹಿಂದೆ ಊರೂರು ನಡೆಯುವವರನ್ನು ಕಂಡ ನಮಗೆ ಬೂಶೆಯ ಕುರಿಗಾಹಿಗಳು ಭಾರೀ ಅನುಕೂಲಸ್ಥರಂತೆ ಕಾಣುತ್ತಾರೆ. ಮೈಮೇಲೆ ರೇಷ್ಮೆ. ಬರಿಗಾಲಾದರೂ ಹಿಮ್ಮಡಿ ಒಡೆದಿಲ್ಲ, ಉಗುರಿನ ಸಂದಿಯಲ್ಲಿ ಸಗಣಿಯಿಲ್ಲ. ಇರುವುದಾದರೂ ಹೇಗೆ? ಈ ಜೋಡಿ ಹಳ್ಳಿಯಿಂದ ಬಂದದ್ದೇ ಅಲ್ಲ, ಪ್ಯಾರಿಸ್ಸಿನ ಒಂದು ಮೂಕನಾಟಕದಿಂದ ಬಂದದ್ದು.

ಈ ಮನುಷ್ಯನಲ್ಲಿ ಎಲ್ಲವೂ ಇದೆ, ಸತ್ಯವೊಂದು ಬಿಟ್ಟು ಎಂದು 1761ರಲ್ಲಿ ಲೇಖಕ ದಿದರೋ ಬೂಶೆಯ ಬಗ್ಗೆ ಗೊಣಗಿದ. ಪಾಪ, ಗಿರಾಕಿ ಕೇಳದ್ದನ್ನು ಬೂಶೆ ಯಾಕೆ ಕೊಟ್ಟಾನು?

ಗಿರಾಕಿ ಯಾರು ಗೊತ್ತಾ? ದಾನಿಯೆಲ್ ಶಾರ್ಲ್ ತ್ರುದೇನ್. ಖಜಾನೆಯ ದೊಡ್ಡ ಅಧಿಕಾರಿ, ಜೊತೆಗೆ ಇಡೀ ದೇಶದ ರಸ್ತೆ, ಸೇತುವೆಗಳ ಉಸ್ತುವಾರಿ. ಆಗ ಫ್ರಾನ್ಸಿನ ಹೆದ್ದಾರಿಗಳೆಂದರೆ ಯೂರೋಪಿಗೇ ಹೊಟ್ಟೆಕಿಚ್ಚು. ಹಾಕಿದವರು ರಸ್ತೆ ಪಕ್ಕದ ಹಳ್ಳಿಯವರು. ಗಾಡಿ ಅವರದೇ, ಎತ್ತು ಅವರದೇ, ಬೆವರೂ ಅವರದೇ. ಕೂಲಿ ಮಾತ್ರ ಇಲ್ಲ. ಬಿಟ್ಟಿ ಚಾಕರಿ, ಅದೂ ಕಡ್ಡಾಯ. ಗಣ್ಯರಿಗೆ ಪೂರ್ತಿ ವಿನಾಯಿತಿ. ಅವರು ಆ ರಸ್ತೆಯಲ್ಲಿ ಸಾರೋಟು ಓಡಿಸಿ ದೇಶಸೇವೆ ಮಾಡುತ್ತಿದ್ದರಲ್ಲ.

ಹಗಲೆಲ್ಲ ರೈತರು ಜಲ್ಲಿ ಹೊರುವ ಲೆಕ್ಕ ನೋಡಿ ಸುಸ್ತಾದ ಸಾಹೇಬರು ತಮ್ಮ ಬಂಗಲೆಗೆ ಬಂದರೆ, ಗೋಡೆ ಮೇಲೆ ರೈತರು ದ್ರಾಕ್ಷಿ ತಿನ್ನುತ್ತ ಕೂತಿದ್ದಾರೆ. ಎಂಥ ನೆಮ್ಮದಿ! ಇಷ್ಟು ಪುರುಸೊತ್ತು ಇರುವ ಜನಕ್ಕೆ ಇನ್ನೊಂದು ನಾಲ್ಕು ದಿನದ ಕೆಲಸ ಹಚ್ಚಿದರೆ ಏನು ತಪ್ಪು, ಅಲ್ವಾ?

1776ರಲ್ಲಿ ಮಂತ್ರಿ ತ್ಯುರ್ಗೋ ಈ ಬಿಟ್ಟಿ ಚಾಕರಿ ನಿಲ್ಲಿಸಿ, ಜಮೀನಿದ್ದವರೆಲ್ಲ ತೆರಿಗೆ ಕೊಡಿ, ಕೂಲಿ ಕೊಟ್ಟು ರಸ್ತೆ ಹಾಕಿಸೋಣ ಅಂದ. ಗಣ್ಯರೂ ಕೊಡಬೇಕಂತೆ! ತಾವೂ ಗಣ್ಯರೇ ಆದ ಪ್ಯಾರಿಸ್ಸಿನ ನ್ಯಾಯಾಧೀಶರಿಗೆ ಸಿಟ್ಟು ನೆತ್ತಿಗೇರಿತು. ಕೆಲವೇ ತಿಂಗಳಲ್ಲಿ ತ್ಯುರ್ಗೋ ಮನೆಗೆ, ರೈತ ಮತ್ತೆ ರಸ್ತೆಗೆ.

ಅಷ್ಟರಲ್ಲಿ ಚಿತ್ರ ನೋಡಿ ನೋಡಿ ದೊಡ್ಡವರಿಗೆ ಬೇಸರ ಬಂದಿರಬೇಕು. 1783ರಲ್ಲಿ ರಾಣಿ ಮರೀ ಆಂತ್ವಾನೆತ್‌ಗಾಗಿ ವರ್ಸೈ ಅರಮನೆಯ ತೋಟದಲ್ಲಿ ಒಂದು ಹಳ್ಳಿಯನ್ನೇ ಕಟ್ಟಲು ಶುರುಮಾಡಿದರು. ಹುಲ್ಲಿನ ಮಾಡು, ಹಾಲಿನ ಕೋಣೆ, ಹಸುಗಳು. ಮನೆ ಒಳಗೆ ಅರಮನೆಯ ಮೇಜು ಕುರ್ಚಿ. ಹೊರಗೋಡೆಗಳು ಹೊಸದಾಗಿ ಕಂಡರೆ ಹಳ್ಳಿಯ ಕಳೆ ಎಲ್ಲಿಂದ ಬರಬೇಕು? ಅದಕ್ಕೇ ಪೇಂಟರುಗಳನ್ನು ಕರೆಸಿ, ಗಾರೆ ಬಿರುಕು ಬಿಟ್ಟ ಹಾಗೆ ಬಣ್ಣದಲ್ಲಿ ಗೀಟು ಎಳೆಸಿದರು. ಅದಕ್ಕೆ ಮಾತ್ರ ಕೂಲಿ ಇತ್ತು.