ಹಸುವಿನ ರಕ್ತ ಒಯ್ದವರು ವರದಿಯನ್ನೂ ತಂದುಕೊಡಲಿ

ಕಳೆದ ತಿಂಗಳು ಅರಸೀಕೆರೆ ಸೀಮೆಯ ನಮ್ಮ ಊರಿಗೆ ಪಶುವೈದ್ಯರು ಕಾಲುಬಾಯಿ ರೋಗದ ಸಮೀಕ್ಷೆಗಾಗಿ ದನಗಳ ರಕ್ತ ತೆಗೆಯಲು ಬಂದಾಗ ನಾಲ್ಕೈದು ಮನೆಯವರು ಒಪ್ಪಲೇ ಇಲ್ಲ. ರಕ್ತ ತೆಗೆದರೆ ಹಾಲು ಇಳಿಯುತ್ತದೆ ಎಂಬುದು ಒಂದು ಭಯ. ವರದಿಯಲ್ಲಿ ಏನಾದರೂ ಬಂದರೆ ಡೈರಿಯಲ್ಲಿ ಹಾಲು ಹಾಕಿಸಿಕೊಳ್ಳುವುದಿಲ್ಲ ಎಂಬುದು ಇನ್ನೊಂದು. 2013ರಲ್ಲಿ ಇದೇ ರೋಗ ರಾಜ್ಯದಲ್ಲಿ ಹಬ್ಬಿ ಸಾವಿರಾರು ದನಗಳು ಸತ್ತದ್ದನ್ನು ಬಲ್ಲವರೂ ಹೀಗೆ ಹಿಂಜರಿದದ್ದು ನನಗೆ ನೋವು ತಂದಿತು.

ನಮ್ಮ ಕೆಂದ ಹಸುವಿನ ಮೂಗುದಾರವನ್ನು ನಾನೇ ಹಿಡಿದಿದ್ದೆ. ವೈದ್ಯರು ಕುತ್ತಿಗೆಯ ರಕ್ತನಾಳವನ್ನು ಹೆಬ್ಬೆರಳಿನಿಂದ ಒತ್ತಿ ಉಬ್ಬಿಸಿ, ಸೂಜಿ ಚುಚ್ಚಿ, ಒಂದೆರಡು ಚಮಚದಷ್ಟು ರಕ್ತವನ್ನು ಕೊಳವೆಗೆ ಇಳಿಸಿಕೊಂಡರು. ಓರೆಯಾಗಿ ಇಟ್ಟ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟಿ, ಒಣಹುಲ್ಲಿನ ಬಣ್ಣದ ತಿಳಿ ಮೇಲೆ ನಿಂತಿತು. ಪರೀಕ್ಷೆಗೆ ಬೇಕಾದದ್ದು ಆ ತಿಳಿ, ಅಂದರೆ ಸೀರಂ. ಸಂಜೆ ಹಸು ಎಂದಿನಷ್ಟೇ ಹಾಲು ಕೊಟ್ಟಿತು.

ಆರು ತಿಂಗಳಿಗೊಮ್ಮೆ ಲಸಿಕೆ ಹಾಕಿಸಿರುವಾಗ ರಕ್ತದಲ್ಲಿ ಪ್ರತಿಕಾಯ, ಅಂದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸುವ ರಕ್ಷಕ ಪ್ರೋಟೀನು, ಇದ್ದೇ ಇರುತ್ತದೆ, ಮತ್ತೆ ಪರೀಕ್ಷೆ ಏಕೆ ಎಂದು ಪಕ್ಕದ ಮನೆಯವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಲಸಿಕೆಯಲ್ಲಿರುವುದು ನಿಷ್ಕ್ರಿಯಗೊಳಿಸಿದ ವೈರಾಣು. ಜೀವಂತ ವೈರಾಣು ದೇಹದೊಳಗೆ ಹೆಚ್ಚುವಾಗ ಉಂಟಾಗುವ ಕೆಲವು ಪ್ರೋಟೀನುಗಳನ್ನು ಲಸಿಕೆ ತಯಾರಿಸುವಾಗ ಶುದ್ಧೀಕರಿಸಿ ತೆಗೆದಿರುತ್ತಾರೆ. ಆದ್ದರಿಂದ ಅವುಗಳ ವಿರುದ್ಧದ ಪ್ರತಿಕಾಯ ಎಲೈಸಾ ಎಂಬ ಪ್ರಯೋಗಾಲಯದ ಪರೀಕ್ಷೆಯಲ್ಲಿ ಕಂಡರೆ, ಜೊಲ್ಲು ಸುರಿಸದ, ಕುಂಟದ ಹಸುವಿಗೂ ಹಿಂದೆ ಸೋಂಕು ತಗುಲಿತ್ತೆಂದು ತಿಳಿಯಬಹುದು. ಗಿಣ್ಣುಹಾಲಿನಲ್ಲಿ ತಾಯಿಯ ಪ್ರತಿಕಾಯ ಕರುವಿಗೂ ಬರುವುದರಿಂದ ತೀರ ಎಳೆಗರುಗಳ ಫಲಿತಾಂಶವನ್ನು ನೆಚ್ಚುವಂತಿಲ್ಲ. ಹಲವು ಸಲ ಲಸಿಕೆ ಪಡೆದ ದನಗಳಲ್ಲಿ ಒಮ್ಮೊಮ್ಮೆ ತಪ್ಪು ಸೂಚನೆಯೂ ಬರಬಹುದು. ಹೀಗಾಗಿ ಒಂದು ಹಸುವಿನ ಫಲಿತಾಂಶಕ್ಕಿಂತ ಇಡೀ ಊರಿನ ಫಲಿತಾಂಶವೇ ಹೆಚ್ಚು ಹೇಳುತ್ತದೆ.

ಆದರೆ ರೈತರ ಅನುಮಾನಕ್ಕೆ ರೈತರನ್ನಷ್ಟೇ ದೂರುವುದು ಸರಿಯಲ್ಲ. ಎರಡು ವರ್ಷದ ಹಿಂದೆ ನಮ್ಮ ಕೊಟ್ಟಿಗೆಯಿಂದಲೇ ಒಯ್ದ ಮಾದರಿಯ ಫಲಿತಾಂಶ ಇಂದಿಗೂ ನಮಗೆ ತಲುಪಿಲ್ಲ. ಕೇಳಲು ಹೋದಾಗ ವರದಿ ಮೇಲಿನ ಕಚೇರಿಗೆ ಹೋಗಿದೆ ಎಂದಷ್ಟೇ ಹೇಳಿದರು. ಪ್ರತಿ ದನದ ಕಿವಿಯಲ್ಲಿ 12 ಅಂಕಿಯ ಓಲೆ ಇರುವಾಗ, ಆ ಸಂಖ್ಯೆಯ ಮುಂದೆ ಫಲಿತಾಂಶ ಬರೆದು, ಹಿಂದೆ ಸೋಂಕು ತಗುಲಿತ್ತು ಎಂಬ ಮಾತಿಗೆ ಈಗ ರೋಗವಿದೆ ಎಂಬ ಅರ್ಥವಿಲ್ಲವೆಂದು ಕನ್ನಡದಲ್ಲಿ ವಿವರಿಸಿ, ಹಾಲಿನ ಡೈರಿಯ ಗೋಡೆಗೆ ಅಂಟಿಸುವುದು ಅಸಾಧ್ಯವೇನಲ್ಲ. ಊರಿನಲ್ಲಿ ವೈರಾಣು ಓಡಾಡಿದೆ ಎಂದು ಸಕಾಲದಲ್ಲಿ ತಿಳಿದರೆ ಲಸಿಕೆ ತಪ್ಪಿದ ಕರುಗಳನ್ನು ಹುಡುಕಿ ಹಾಕಿಸುತ್ತೇವೆ, ಸಂತೆಯಿಂದ ತಂದ ದನವನ್ನು ಕೆಲವು ವಾರ ಬೇರೆ ಕಟ್ಟುತ್ತೇವೆ. ಈ ಬಾರಿಯ ವರದಿಗಾಗಿ ನಾನು ಲಿಖಿತ ಅರ್ಜಿ ಕೊಟ್ಟಿದ್ದೇನೆ. ರಕ್ತ ಕೊಟ್ಟ ಉಳಿದ ಮನೆಯವರೂ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.