ಹ್ಯಾಮ್‌ಗಳಿಗೆ ಮೀಸಲು ತರಂಗಾಂತರ: ಇರಲೇಬೇಕೇ?

ಪರ: ಇರುವುದೇ ಅಂಗೈಯಗಲ
(ಚಿತ್ರದುರ್ಗದ ಹ್ಯಾಮ್ ಒಬ್ಬರು)

ಹ್ಯಾಮ್‌ಗಳೆಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತನಾಡುವ ನಾವು. ನಮಗೆ ಮೀಸಲಾದ ತರಂಗಾಂತರವನ್ನು ಹರಾಜು ಹಾಕಿ ಎನ್ನುವವರಿದ್ದಾರೆ. ಅದರಲ್ಲೊಂದು ಪಟ್ಟಿ, ನಮ್ಮ ನಲವತ್ತು ಮೀಟರ್ ಬ್ಯಾಂಡ್ ಎಂದರೆ 7.0ರಿಂದ 7.2 ಮೆಗಾಹರ್ಟ್ಸ್. ಒಟ್ಟು 200 ಕಿಲೋಹರ್ಟ್ಸ್, ಹೆಚ್ಚುಕಡಿಮೆ ಒಂದೇ ಒಂದು ಎಫ್‌ಎಂ ಕೇಂದ್ರ ಹಾಡು ಹಾಕಲು ಬಳಸುವಷ್ಟು ಜಾಗ. ಈ ಬ್ಯಾಂಡಿಗೆ ಬರುವ ದೇಶದ ಹ್ಯಾಮ್‌ಗಳೆಲ್ಲ ಇಷ್ಟರಲ್ಲೇ ಮಾತನಾಡಬೇಕು, ಮೋರ್ಸ್ ಸಂಕೇತ ಕುಟ್ಟಬೇಕು, ನೆರೆದೇಶದವರಿಗೂ ದಾರಿ ಬಿಡಬೇಕು. ಯಾರಿಗೂ ಸ್ವಂತ ಚಾನೆಲ್ ಇಲ್ಲ; ಖಾಲಿ ಇದೆಯೇ ಎಂದು ಕಿವಿಗೊಟ್ಟು ಕೇಳಿಯೇ ಬಾಯಿ ತೆರೆಯುತ್ತೇವೆ. ಇದೂ ಹೆಚ್ಚಾಯಿತಂತೆ!

ಇದು ಯಾರೋ ದಯಪಾಲಿಸಿದ್ದಲ್ಲ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಜಗತ್ತನ್ನು ಮೂರು ವಲಯಗಳಾಗಿ ವಿಂಗಡಿಸಿದೆ, ಭಾರತ ಮೂರನೆಯದರಲ್ಲಿದೆ. ವಿಶ್ವ ರೇಡಿಯೊ ಸಮ್ಮೇಳನಗಳಲ್ಲಿ ಯಾರಿಗೆ ಎಷ್ಟು ಎಂದು ತೀರ್ಮಾನವಾಗುತ್ತದೆ, ದಿಲ್ಲಿಯ ದೂರಸಂಪರ್ಕ ಇಲಾಖೆ ಅದಕ್ಕೆ ಹೊಂದಿಸಿ ರಾಷ್ಟ್ರೀಯ ಹಂಚಿಕೆ ಪಟ್ಟಿ ಮಾಡುತ್ತದೆ. 2019ರಲ್ಲಿ ಫ್ರಾನ್ಸ್ ಹ್ಯಾಮ್‌ಗಳ ಇನ್ನೊಂದು ಬ್ಯಾಂಡಾದ 144–146 ಮೆಗಾಹರ್ಟ್ಸ್ ಅನ್ನು ವಿಮಾನಯಾನಕ್ಕೂ ಕೊಡುವ ಬಗ್ಗೆ ಅಧ್ಯಯನವಾಗಲಿ ಎಂದಿತು. ಯುರೋಪಿನಲ್ಲೇ ಬೆಂಬಲ ಸಿಗದೆ ಅದು ಬಿದ್ದುಹೋಯಿತು. ಒಮ್ಮೆ ಕೈತಪ್ಪಿದ ಬ್ಯಾಂಡ್ ಮರಳಿ ಬರುವುದು ಸುಲಭವಲ್ಲ.

ನಮ್ಮ ಬೀದಿಯ ಡಿಪ್ಲೊಮಾ ಹುಡುಗನೊಬ್ಬ ಆಂಟೆನಾಕ್ಕೆಂದು ತಾಮ್ರದ ತಂತಿಯನ್ನು ಎರಡೂ ಬದಿಗೆ ತಲಾ 10 ಮೀಟರ್ ಅಳೆದು, ಪಿವಿಸಿ ಪೈಪಿನ ತುಂಡುಗಳನ್ನೇ ಇನ್ಸುಲೇಟರ್ ಮಾಡಿಕೊಂಡು ತಾರಸಿಯಿಂದ ಬೇವಿನ ಮರಕ್ಕೆ ಕಟ್ಟಿದ. ತುದಿ ಕತ್ತರಿಸುವುದು, ಬ್ಯಾಂಡಿಗೆ ಹೊಂದಿತೇ ಎಂದು ಅಳತೆಯ ಮೀಟರ್ ನೋಡುವುದು, ಮತ್ತೆ ಕತ್ತರಿಸುವುದು. ಸಂಜೆಯ ಹೊತ್ತಿಗೆ ಕೇರಳದ ದನಿ ಪಕ್ಕದ ಮನೆಯದರಂತೆ ಕೇಳಿತು. ಯಾವ ಪ್ರಯೋಗಾಲಯ ಅವನಿಗೆ ಇದನ್ನು ಕಲಿಸುತ್ತಿತ್ತು? 2004ರ ಸುನಾಮಿಯ ಹೊತ್ತಿಗೆ ಪೋರ್ಟ್ ಬ್ಲೇರ್‌ನಲ್ಲಿದ್ದ ಹ್ಯಾಮ್ ತಂಡ ಸಂಪರ್ಕ ಕಡಿದ ದ್ವೀಪಗಳ ಸುದ್ದಿಯನ್ನು ಹೊರಗೆ ಮುಟ್ಟಿಸಿದ್ದೂ ಹ್ಯಾಮ್ ರೇಡಿಯೊದಿಂದಲೇ. ಹರಾಜು ಹಾಕಿ ಎನ್ನುವವರು ನಾಳೆ ನಮ್ಮೂರ ಜೋಗಿಮಟ್ಟಿ ಬೆಟ್ಟದ ಗಾಳಿಗೂ ಮೀಟರ್ ಕೂರಿಸುತ್ತಾರೆ.

ವಿರೋಧ: ಹವ್ಯಾಸಕ್ಕೇಕೆ ರಿಯಾಯಿತಿ?
(ದಾವಣಗೆರೆಯ ಉಪನ್ಯಾಸಕಿ)

ಈ ಚರ್ಚೆಯಲ್ಲಿ ಪರದ ಬದಿ ಆಗಲೇ ಬೇರೊಬ್ಬರ ಪಾಲಾಗಿತ್ತು, ಉಳಿದ ವಿರೋಧ ನನ್ನ ಪಾಲಿಗೆ ಬಂತು. ಇರಲಿ. ತರಂಗಾಂತರ ಸಾರ್ವಜನಿಕ ಸ್ವತ್ತು. ಅದನ್ನು ಹಂಚಿದ ರೀತಿ ಸರಿಯಿಲ್ಲವೆಂದೇ 2012ರಲ್ಲಿ ಸುಪ್ರೀಂ ಕೋರ್ಟ್ ಮೊಬೈಲ್ ಕಂಪನಿಗಳ 122 ಲೈಸೆನ್ಸ್‌ಗಳನ್ನು ರದ್ದುಮಾಡಿತು. ಕಂಪನಿಗಳು ಸಾವಿರಾರು ಕೋಟಿ ಸುರಿಯುವಾಗ ಹವ್ಯಾಸಕ್ಕೆ ಪುಡಿಗಾಸಿನಲ್ಲಿ ಸಿಗುವುದು ಯಾವ ನ್ಯಾಯ? ಸುನಾಮಿ ಎಂದೊಡನೆ ಎಲ್ಲರೂ ಸುಮ್ಮನಾಗಬೇಕೆಂದು ಹ್ಯಾಮ್‌ಗಳು ತಿಳಿದಂತಿದೆ.

ನನ್ನ ಸಿಟ್ಟು ಬೇರೆಯದು. ಗಣೇಶನ ಪೆಂಡಾಲಿನಲ್ಲಿ ನಮ್ಮ ಮಹಿಳಾ ಮಂಡಳಿಯ ಭಜನೆ ನಡೆದಿತ್ತು. ಎರಡನೇ ಚರಣದಲ್ಲಿ ಸ್ಪೀಕರಿನಿಂದ ಗಂಟಲು ಹಿಸುಕಿದಂಥ ಗಂಡು ದನಿ ಹೊರಟಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಕೈಮುಗಿದೇಬಿಟ್ಟರು. ಹಿಂದಿನ ಬೀದಿಯ ಹ್ಯಾಮ್ ಮಹಾಶಯರು ಬಂದು, 'ನಾನು ನನ್ನ ಬ್ಯಾಂಡಿನಲ್ಲೇ ಇದ್ದೇನಮ್ಮಾ, ದೋಷ ನಿಮ್ಮ ಆಂಪ್ಲಿಫೈಯರಿನದು' ಎಂದು ವಿನಯದಿಂದಲೇ ಹೇಳಿದರು. ಸ್ಪೀಕರ್ ವೈರನ್ನು ರೇಡಿಯೊ ತರಂಗ ತಡೆಯುವ ಕಪ್ಪು ಫೆರೈಟ್ ಬಳೆಯೊಂದಕ್ಕೆ ಸುತ್ತಿದರು, ದನಿ ನಿಂತಿತು. ಆದರೆ ಆರತಿಯ ಹೊತ್ತಾಗಿತ್ತು, ನಮ್ಮ ಹಾಡು ಅರ್ಧಕ್ಕೇ ಉಳಿಯಿತು. ಏಳು ಮೆಗಾಹರ್ಟ್ಸ್ ಬೇಕಾದರೆ ಅವರೇ ಇಟ್ಟುಕೊಳ್ಳಲಿ. ಚೌತಿಯ ಸಂಜೆಯನ್ನಾದರೂ ನಮಗೆ ಬಿಟ್ಟುಕೊಡಲಿ.